ಆರು ಮೊಳೆ

ಮಂಗಳವಾರ ಸಂಜೆ ಏಳಕ್ಕೆ, ಪುರಸಭೆಯ ನೆಲಮಾಳಿಗೆ.
ಮಡಚುವ ಕುರ್ಚಿ ಮೂವತ್ತು, ಕಾಫಿ ಒಂದು ಹಂಡೆ.
ಚರ್ಚೆಗಿದ್ದದ್ದು ಒಂದೇ:
ಮನೆಯ ಚಾವಣಿ ಬದಲಿಸಲು
ಪರವಾನಗಿ ಬೇಕೋ, ಬೇಡವೋ.

ಜೂನಿನ ಆಲಿಕಲ್ಲು
ನೆಬ್ರಾಸ್ಕದ ಈ ಪುಟ್ಟ ಊರನ್ನು ಒರಳಿಗೆ ಹಾಕಿ
ಹನ್ನೊಂದೇ ನಿಮಿಷ ಕುಟ್ಟಿತ್ತು.
ಮಾರನೆಯ ಬೆಳಿಗ್ಗೆ ಸೂರುಸೂರಿಗೆ ನೀಲಿ ಟಾರ್ಪಾಲು,
ಅಣಬೆಯ ಹಾಗೆ ಬೀದಿಯಲ್ಲೆದ್ದ
ಹೊರರಾಜ್ಯದ ಟ್ರಕ್ಕುಗಳು.

ಮೊದಲು ಎದ್ದವಳು ಬ್ಲಾಂಚ್ ವೋಡಿಚ್ಕಾ.
"ನಿಮ್ಮ ಮುದ್ರೆಗೆಂದು ಒಂಬತ್ತು ದಿನ ಕಾದೆ.
ಪಿಯಾನೋದೊಳಗೆ ನೀರು ನಿಂತು
ಕೆಳಗಿನ ಸ್ವರವೆಲ್ಲ ಕಪ್ಪೆ.
ಅರವತ್ತೈದು ಡಾಲರು ನಾನು ಕಟ್ಟಿದೆನಲ್ಲ,
ಮೋಡ ಯಾರಿಗೆ ಕಟ್ಟಿ ಬಂತು?
ತಲೆ ನನ್ನದು, ಸೂರು ನನ್ನದು,
ನಡುವೆ ನಿಮಗೇನು ಕೆಲಸ?"
ಜನ ನಕ್ಕರು. ನನಗೂ ನಗು ಬಂತು.

ಡೆಂಟನ್ ಪ್ರೌಟಿ ನಗಲಿಲ್ಲ.
ಅವನು ಕಾಗದ ಕೇಳಿರಲಿಲ್ಲ, ಕೈಕುಲುಕಿದ್ದ;
ಟ್ರಕ್ಕಿನ ಬಾಗಿಲ ಮೇಲೆ ದೇವರ ವಾಕ್ಯವಿತ್ತಂತೆ.
ಅರ್ಧ ಸೂರು ಕಿತ್ತರು, ಪೂರ್ತಿ ದುಡ್ಡು ಎಣಿಸಿಕೊಂಡರು,
ಮಧ್ಯಾಹ್ನ ಊಟಕ್ಕೆಂದು ಹೋದವರು
ಇನ್ನೂ ಉಣ್ಣುತ್ತಿದ್ದಾರೆ.
ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ.

ಹಿಂದೆ, ಗೋಡೆಗೊರಗಿ, ಎವೆಲಿಯೋ.
ಹೊಂಡುರಾಸಿನವನು; ಈ ಬೇಸಿಗೆ ನಲವತ್ತು ಮನೆ ಹೊದಿಸಿದವನು.
ಅವನನ್ನು ಯಾರೂ ಕೇಳಲಿಲ್ಲ.
ಅರ್ಜಿಯಲ್ಲಿ ಇಳಿಜಾರಿಗೊಂದು ಕಾಲಮ್ಮು,
ಪದರಕ್ಕೊಂದು, ಮೊಳೆಗೊಂದು;
ಏಣಿ ಹತ್ತುವವನ ಸೊಂಟದ ಹಗ್ಗಕ್ಕೆ
ಜಾಗವೇ ಇಲ್ಲ.

ಆಮೇಲೆ ನನ್ನ ಸರದಿ.
ಇಪ್ಪತ್ತಾರು ವರ್ಷದ ಇನ್ಸ್‌ಪೆಕ್ಟರು,
ಮಾತು ಬಾಯಿಪಾಠ:
ಗಾಳಿ ಮೇಲಿಂದ ಬೀಳುವುದಿಲ್ಲ, ಸ್ವಾಮಿ,
ಅಂಚಿನಡಿಗೆ ಬೆರಳು ತೂರುತ್ತದೆ, ಜೇಬುಗಳ್ಳನ ಹಾಗೆ.
ಡಾಂಬರು ಹೆಂಚೊಂದಕ್ಕೆ ನಾಲ್ಕು ಮೊಳೆ ಹೊಡೆದರೆ
ಹಗಲಿಗೆ ಸಾಕು.
ಆರು ಬೇಕಾಗುವುದು ರಾತ್ರಿಗೆ.
ನಿಮ್ಮ ಸೂರು ಹಾರಿದರೆ
ಬೀಳುವುದು ಪಕ್ಕದವರ ತೊಟ್ಟಿಲ ಮೇಲೆ.
ಅದಕ್ಕೇ ಪರವಾನಗಿ.

ಇಷ್ಟು ಹೇಳಿ ಕೂರಬಹುದಿತ್ತು.

ಆದರೆ ಅಂದು ಬೆಳಿಗ್ಗೆ ಬ್ಲಾಂಚಳ ಮನೆಯ ಮೇಲೆ
ಹಳೆಯದನ್ನು ಕೀಳುತ್ತಿದ್ದಾಗ ನಾನಿದ್ದೆ.
ಒಂದು ಪದರ. ಅದರಡಿ ಇನ್ನೊಂದು.
ಅದರಡಿ, ಇರಬಾರದ ಮೂರನೆಯದು.
ಅದಕ್ಕೂ ಕೆಳಗೆ ಹಲಗೆ,
ಬೆರಳಿಟ್ಟರೆ ಒದ್ದೆ ಕೇಕಿನಂತೆ ಕುಸಿಯುವ ಕಪ್ಪು.
ಕಚೇರಿಗೆ ಬಂದು ಹಳೆ ಕಡತ ತೆಗೆದೆ:
ನವೆಂಬರ್, ಇಪ್ಪತ್ತು ವರ್ಷದ ಹಿಂದೆ,
"ಪರಿಶೀಲಿಸಲಾಗಿದೆ."
ಸಹಿ ನನ್ನದು.
ಆಗಿನ ನನ್ನ ದುಂಡನೆಯ, ಚೆಂದದ ಸಹಿ.

ಏಣಿಯ ಮೇಲೆ ಮಂಜುಗಟ್ಟಿತ್ತು ಆ ದಿನ.
ಕಾರಿನಲ್ಲಿ ಹೀಟರ್ ಇತ್ತು.
ಅಷ್ಟು ನೆನಪಿದೆ,
ತೊಡೆಯ ಮೇಲಿದ್ದ ಡೋನಟ್ ಕೂಡ.

ಆ ಕಾಗದವನ್ನು ಮೇಜಿನ ಮೇಲಿಟ್ಟೆ.
ಓದಿ ಹೇಳಿದೆ.
ಹಂಡೆ ಗುಳುಗುಳು ಎಂದಿತು, ಬೇರೆ ಸದ್ದಿಲ್ಲ.
ಅಧ್ಯಕ್ಷರು ಕನ್ನಡಕ ಒರೆಸಿದರು, ಮತ್ತೆ ಒರೆಸಿದರು.
ಕೊನೆಗೆ ಬ್ಲಾಂಚ್:
"ಹಾಗಿದ್ದರೆ ಅರವತ್ತೈದು ಡಾಲರು
ವಾಪಸು ಬರುತ್ತದಾ?"

ಮತದಾನ ಮುಂದಿನ ಮಂಗಳವಾರಕ್ಕೆ ಹೋಯಿತು.
ಬೇಕು ಎಂದೇ ನಾನು ಈಗಲೂ ಅನ್ನುತ್ತೇನೆ,
ಧ್ವನಿ ಮಾತ್ರ ಮೊದಲಿನಂತಿಲ್ಲ.

ಹೊರಗೆ ಗಾಳಿ. ಕತ್ತಲಲ್ಲಿ ಟಾರ್ಪಾಲುಗಳು
ಊರಿಗೆ ಊರೇ ದಮ್ಮು ಹಿಡಿದ ಹಾಗೆ
ಉಬ್ಬಿ, ಇಳಿದು, ಉಬ್ಬಿ.
ಟ್ರಕ್ಕಿನ ಬಳಿ ಎವೆಲಿಯೋ ಕೇಳಿದ:
"ನಾಳೆ ಮೇಲೆ ಬರ್ತೀರಾ?
ಏಣಿ ನಾನು ಹಿಡೀತೀನಿ."

ಹತ್ತಿದೆ. ಮೊಣಕಾಲು ಬೈದವು.
ಹೊಸ ಹೆಂಚಿನ ಅಂಚೆತ್ತಿ ಎಣಿಸಿದೆ:
ಆರು. ಆರು. ಆರು.
ಹೊಗೆಗೊಳವೆಯ ಪಕ್ಕ, ಕೈ ಎಟುಕದ ಮೂಲೆಯಲ್ಲಿ,
ಐದು.
ತಲೆಯೆತ್ತಿ ಅವನನ್ನು ನೋಡಿದೆ.
ಅವನು ಸೊಂಟದ ಚೀಲಕ್ಕೆ ಕೈಹಾಕಿ
ಒಂದು ಮೊಳೆ ತೆಗೆದು,
ಏನೂ ಅನ್ನದೆ,
ನನ್ನ ಅಂಗೈಗಿಟ್ಟ.